ಆಫ್ ಮಾಡಬಾರದ ಪೆಟ್ಟಿಗೆ

ದಾವಣಗೆರೆ, ಫೆಬ್ರವರಿ ೩೦, ೨೧೮೯

ಕ್ಯಾಲೆಂಡರ್ ಪ್ರೆಸ್ಸಿನ ಐ.ಟಿ. ಮ್ಯಾನೇಜರ್ ಶ್ರೀ ಹಾಲಸ್ವಾಮಿಯವರಿಗೆ, ನೂರರವತ್ತು ವರ್ಷಗಳ ಆಚೆಯಿಂದ ನೀಲಾಂಬಿಕೆಯ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮೂರಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮರುದಿನ ನೇರವಾಗಿ ಮಾರ್ಚ್ ಮೂರಕ್ಕೆ ಹಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತೇವೆ. ಪಕ್ಕದ ಹರಿಹರದವರು ನಗುತ್ತಾರೆ, ನಗಲಿ. ಯಾವ ಕಾಲದಲ್ಲೋ ಆದ ತಪ್ಪು; ತಿದ್ದಲು ಹೋದರೆ ಇನ್ನೇನು ಕೆಡುತ್ತದೋ ಎಂದು ಯಾರೂ ಮುಟ್ಟಿಲ್ಲ. ನೀವು ನಮ್ಮ ಕಸುಬಿನವರೇ, ಅರ್ಥವಾಗುತ್ತದೆ. ನನ್ನ ಕೆಲವು ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ.

ನಿಮ್ಮ ಪ್ರೆಸ್ಸು ಈಗ ಕಾಲಸರಬರಾಜು ಕಂಪನಿ. ಊರಿನ ಗೋಡೆಗಳಿಗೆಲ್ಲ ತಾರೀಖು, ಗಳಿಗೆ ಹಂಚುವುದು ನಾವೇ. ನಿಮ್ಮ ಹುದ್ದೆಯಲ್ಲಿ ಈಗ ನಾನಿದ್ದೇನೆ, ಅದಕ್ಕೆ ಯಂತ್ರಪಾರುಪತ್ಯೆ ಎಂದು ಹೆಸರು. ಕೆಲಸವೆಲ್ಲ ಯಂತ್ರಗಳೇ ಮಾಡುತ್ತವೆ. ಕೆಟ್ಟಾಗ ಬೈಸಿಕೊಳ್ಳಲು ಮಾತ್ರ ಮನುಷ್ಯರು ಬೇಕು. ಅದಕ್ಕಾಗಿ ಏಳು ವರ್ಷ ಓದಿದ್ದೇನೆ. ಎರಡು ವರ್ಷ ಕ್ಷಮಾಪತ್ರ ಬರೆಯುವುದಕ್ಕೇ ಹೋಯಿತು. ಹಾವೂ ಸಾಯದ, ಕೋಲೂ ಮುರಿಯದ ಹಾಗೆ ‘ನೋಡೋಣ’ ಎನ್ನುವುದು ಹೇಗೆಂಬ ವಿಷಯದಲ್ಲಿ ನಾನೇ ಮೊದಲಿಗಳು. ದಿನಾ ಬೆಳಿಗ್ಗೆ ನಿಂತಸಭೆ ನಡೆಸುತ್ತೇನೆ. ನಿಮ್ಮ ಕಾಲದಲ್ಲಿ ಎಲ್ಲರೂ ಯಾಕೆ ನಿಂತು ಸಭೆ ಮಾಡುತ್ತಿದ್ದಿರೋ ನಮಗೆ ತಿಳಿಯದು. ಯಂತ್ರಗಳಿಗೆ ಕಾಲಿಲ್ಲ. ಸಂಪ್ರದಾಯ ತಪ್ಪಬಾರದೆಂದು ಒಂದೊಂದನ್ನೂ ಸ್ಟೂಲಿನ ಮೇಲೆ ಎತ್ತಿ ಇಡುತ್ತೇವೆ.

ಈಗ ವಿಷಯಕ್ಕೆ ಬರುತ್ತೇನೆ. ಮೂರನೇ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆ ಗುರ್ ಎನ್ನುತ್ತ ಓಡುತ್ತಿದೆ. ಅದರ ಮೇಲೆ ನಿಮ್ಮ ಕೈಬರಹದ ಚೀಟಿ: ‘ಇದನ್ನು ಆಫ್ ಮಾಡಬೇಡಿ — ಹಾಲಸ್ವಾಮಿ’. ಕಾರಣ ಬರೆದಿಲ್ಲ. ಅಂದಿನಿಂದ ಯಾರೂ ಆಫ್ ಮಾಡಿಲ್ಲ. ಕಟ್ಟಡ ಮೂರು ಸಲ ಕೆಡವಿ ಕಟ್ಟಿದರೂ ಪೆಟ್ಟಿಗೆಯನ್ನು ಕದಲಿಸದೆ ಅದರ ಸುತ್ತಲೇ ಗೋಡೆ ಎಬ್ಬಿಸಿದರು. ಆಯುಧಪೂಜೆಗೆ ಅದಕ್ಕೇ ಮೊದಲ ಬೂದುಗುಂಬಳಕಾಯಿ. ಹಿಂದೊಬ್ಬರು ಸ್ವಿಚ್ಚಿನ ಹತ್ತಿರ ಬೆರಳು ಒಯ್ದಿದ್ದಕ್ಕೆ ಎಂಟು ದಿನ ಜ್ವರ ಬಂತಂತೆ.

ನಮ್ಮ ನಿರ್ದೇಶಕಿ ಗುರುಬಸಮ್ಮನವರಿಗೆ ಆ ಕೋಣೆ ಬೇಕಾಗಿದೆ. ನಿನ್ನೆ ಕರೆದು, “ನಾಳೆ ಸಂಜಿ ಒಳಗೆ ಆ ಪೆಟ್ಟಿಗಿ ಇರಬಾರ್ದು ನೋಡವ್ವಾ. ಅದು ಇದ್ರೆ ನೀ ಇರಬಾರ್ದು” ಎಂದರು. ಆಫ್ ಮಾಡಿ ಊರೇ ನಿಂತರೂ ನನ್ನ ಕೆಲಸ ಹೋಗುತ್ತದೆ, ಮಾಡದಿದ್ದರೂ ಹೋಗುತ್ತದೆ. ಅವರು ಮುಂದಿನ ಫೆಬ್ರವರಿ ೩೦ಕ್ಕೆ ನಿವೃತ್ತರಾಗುತ್ತಾರೆ, ಆದೇಶವೂ ಆಗಿದೆ. ಆ ಕುರ್ಚಿಯ ಮೇಲೆ ನನಗೆ ಕಣ್ಣಿದೆ, ಮುಚ್ಚುಮರೆ ಯಾಕೆ? ನಮ್ಮಮ್ಮ ಈಗಾಗಲೇ ಬೀಗರ ಮನೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಈ ಕಾಗದವನ್ನು ಕಾಲಟಪಾಲಿಗೆ ಹಾಕುತ್ತಿದ್ದೇನೆ. ಅದು ಹಿಂದಕ್ಕೆ ಮಾತ್ರ ಹೋಗುತ್ತದೆ, ಉತ್ತರ ತರುವುದಿಲ್ಲ. ಆದರೆ ನೀವು ಅಲ್ಲಿ ಚೀಟಿಯ ಮೇಲೆ ಬರೆದದ್ದು ಇಲ್ಲಿ ಕಾಣುತ್ತದೆ. ದಮ್ಮಯ್ಯ, ಒಂದು ಸಾಲು ಕಾರಣ ಬರೆಯಿರಿ.

ಅದೇ ದಿನ, ಸಂಜೆ

ಇದು ಎರಡನೇ ಹಾಳೆ. ಮಧ್ಯಾಹ್ನ ಊಟ ಮುಗಿಸಿ ಬಂದರೆ ಚೀಟಿಯಲ್ಲಿ ನಿಮ್ಮದೇ ಅಕ್ಷರದ ಹೊಸ ಸಾಲು: ‘ನನಗೂ ಗೊತ್ತಿಲ್ಲಮ್ಮಾ. ನಾ ಬಂದಾಗ್ಲೇ ಓಡ್ತಿತ್ತು. ಧೈರ್ಯ ಸಾಲ್ಲಿಲ್ಲ.’

ಮೊದಲು ನಿಮ್ಮ ಮೇಲೆ ಕೆಂಡದಂಥ ಸಿಟ್ಟು ಬಂತು. ಅಪ್ಪ ನೆಟ್ಟ ಆಲದಮರವೆಂದು ನೇಣು ಹಾಕಿಕೊಳ್ಳಲು ಹೊರಟಿದ್ದೆವಲ್ಲ, ಆ ಮರ ನೆಟ್ಟವರೇ ಇಲ್ಲ! ಆಮೇಲೆ ಯಾಕೋ ನೀವು ತುಂಬ ನಮ್ಮವರು ಅನಿಸಿತು. ಏಳು ವರ್ಷದ ಓದಿನಲ್ಲಿ ‘ನನಗೆ ಗೊತ್ತಿಲ್ಲ’ ಎಂದು ಯಾವ ಮ್ಯಾನೇಜರ್ ಬರೆದದ್ದನ್ನೂ ನಾನು ಕಂಡಿರಲಿಲ್ಲ. ಕುಲದೇವರನ್ನು ನೆನೆದು ಸ್ವಿಚ್ಚು ಒತ್ತಿದೆ.

ಗುರ್ ನಿಂತಿತು. ಊರು ನಿಲ್ಲಲಿಲ್ಲ. ಎದುರಿನ ಗೋಡೆಯಲ್ಲಿ ಫೆಬ್ರವರಿ ೩೦ ಅಳಿಸಿ ಮಾರ್ಚ್ ೨ ಮೂಡಿತು. ಊರಿನ ಗೋಡೆಗಳಿಗೆ ಜೋಡಿಸಿದಂದಿನಿಂದ ಪೆಟ್ಟಿಗೆ ಮಾಡುತ್ತಿದ್ದದ್ದು ಇದೊಂದೇ ಕೆಲಸ, ಫೆಬ್ರವರಿಗೆ ಎರಡು ದಿನ ಸೇರಿಸುವುದು. ನಿಮ್ಮ ಸಾಲಿನ ಕೆಳಗೆ ನಾನೂ ಬರೆದೆ: ‘ಆಫ್ ಮಾಡಿದವಳು ನೀಲಾಂಬಿಕೆ. ಕಾರಣ: ತಾರೀಖು ಕೆಡಿಸುತ್ತಿತ್ತು.’

ಗುರುಬಸಮ್ಮನವರು ಬಂದು ಬೆನ್ನು ತಟ್ಟಿದರು. ಕೆಲಸ ಉಳಿಯಿತು. ಅವರು ಹೋದ ಮೇಲೆ ಅವರ ನಿವೃತ್ತಿಯ ಆದೇಶ ನೆನಪಾಯಿತು. ಹಾಲಸ್ವಾಮಿಯವರೇ, ಇನ್ನು ಫೆಬ್ರವರಿ ೩೦ ಬರುವುದೇ ಇಲ್ಲ. ನಮ್ಮಮ್ಮನಿಗೆ ಇದನ್ನು ಹೇಗೆ ಹೇಳಲಿ?