ಮಣೆಯ ಮೇಲೆ ನಾನೇ ಕೂತೆ

ದಹಿಸರ್, ಮುಂಬಯಿ,
ಸೋಮವಾರ

ಪ್ರೀತಿಯ ಅಮ್ಮ,

ನಿನ್ನೆ ನನ್ನ ಮನೆಯ ಗೃಹಪ್ರವೇಶ ಚೆನ್ನಾಗಿ ನಡೆಯಿತು. ಊರಿನವರ ಮಾತಿಗೆ ಹೆದರಿ ನೀನು ಬರಲಿಲ್ಲ ಎನ್ನದೆ, ಮಂಡಿನೋವು ಕಾರಣ ಎಂದು ಬಂದವರಿಗೆಲ್ಲ ಹೇಳಿದೆ.

ಪೂಜೆ ಶುರುವಾಗುವ ಮೊದಲು ಭಟ್ಟರು, "ಯಜಮಾನ್ರು ಎಲ್ಲಿ? ಅವರಿಲ್ಲದೆ ಪೂಜೆ ಹೇಗೆ ಮಾಡೂದು?" ಎಂದರು. ವಿಚ್ಛೇದನವಾಗಿದೆ ಎಂದೆ. ನಿನ್ನ ಮೊಮ್ಮಗಳು ಧನ್ವಿ ನನ್ನ ಸೆರಗು ಹಿಡಿದುಕೊಂಡಳು.

ಆಗ ಎದ್ದು ಬಂದವರು ಸೇವಂತಿ ಅತ್ತೆ. ಅವರ ಮಗನಿಂದ ನಾನು ಬೇರೆಯಾದ ಮೇಲೂ, ವಿಕ್ರೋಳಿಯ ಆಫೀಸಿನಿಂದ ನಾನು ಬರುವವರೆಗೆ ಧನ್ವಿಯನ್ನು ನೋಡಿಕೊಳ್ಳುವವರು ಅವರೇ.

"ದುಡಿದು ಮನೆ ಮಾಡಿದ್ದು ಇವಳು. ಇವಳೇ ಕೂರ್ತಾಳೆ. ನೀವು ಮಂತ್ರ ಹೇಳಿ ಭಟ್ರೇ," ಎಂದರು.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣೆಯ ಮೇಲೆ ಕೂತೆ. ಸಂಕಲ್ಪದಲ್ಲಿ ಭಟ್ಟರು ನನ್ನ ಹೆಸರನ್ನೇ ಹೇಳಿದರು. ಹಾಲು ಉಕ್ಕಿದಾಗ ಧನ್ವಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ದೀಪಾವಳಿಗೆ ನೀನು ಬರಲೇಬೇಕು. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಹಲಸಿನ ಹಪ್ಪಳ ತಾ, ಇಲ್ಲಿಯದು ಧನ್ವಿಗೆ ಸೇರುವುದಿಲ್ಲ. ಹೊರಡುವಾಗ ಊರಿನವರು ಎಲ್ಲಿಗೆ ಎಂದು ಕೇಳಿದರೆ, ಮುಂಬಯಿ ನೋಡಲು ಎನ್ನಬೇಡ. ಮಗಳ ಮನೆಗೆ ಎಂದು ಗಟ್ಟಿಯಾಗಿ ಹೇಳು.

ನಿನ್ನ,
ಹರಿಣಾಕ್ಷಿ