ಖಾಲಿ ಕೋಣೆಯ ಬಾಗಿಲಲ್ಲಿ ಒಂದು ಕೂಸು

ಮನೆಯಲ್ಲೇ ಕುಳಿತು ಕಾಲುವೆ ಆಳುವ ಮಾನ್ಯ ಕಾರ್ಯಪಾಲಕ ಎಂಜಿನಿಯರ್ ಸಾಹೇಬರೇ,

ಹಸಿ ಬಾಣಂತಿಯೊಬ್ಬಳಿಗೆ ನಿಮ್ಮ ಖಾಲಿ ಕೋಣೆಯ ಬಾಗಿಲು ತೆರೆದ ತಪ್ಪಿಗೆ ಜವಾನ ಫಕೀರಸಾಬನನ್ನು ಅಮಾನತು ಮಾಡಿದ್ದೀರಿ. ಬಾಣಂತಿಯನ್ನು ಹೊರಗೆ ಹಾಕಿಸಿ ಬೀಗ ಜಡಿಸಿದ್ದೀರಿ. ಸಿಟ್ಟು ಬಂದಿದ್ದರೆ ನಿಮ್ಮ ಹತ್ತಿರ ಬಂದು ಜಗಳ ಮಾಡುತ್ತಿದ್ದೆ. ಬಂದಿರುವುದು ಹೇಸಿಗೆ. ಹೇಸಿಗೆಯಾದದ್ದನ್ನು ದೂರದಿಂದಲೇ ಬರೆಯಬೇಕು.

ರೋಗದ ಕಾಲದಲ್ಲಿ ಮನೆಯಿಂದ ಕೆಲಸ ಮಾಡಿರೆಂದು ಸರ್ಕಾರ ಹೇಳಿತು. ಸರಿ, ಜೀವ ಎಲ್ಲರಿಗೂ ಒಂದೇ. ರೋಗ ಹೋಯಿತು, ನೀವು ಮಾತ್ರ ಮರಳಲಿಲ್ಲ. ಊರ ಮಗ್ಗುಲ ದಿನ್ನೆಯ ಮೇಲೆ ನಿಮ್ಮ ಕಾಲುವೆ ಕಚೇರಿ ನಿಂತಿದೆ: ಎರಡು ಅಂತಸ್ತು, ಸಾಲು ಕೋಣೆಗಳು, ವರ್ಷಕ್ಕೊಮ್ಮೆ ಬಣ್ಣ. ಒಳಗೆ ಪಾರಿವಾಳಗಳು ಮಾತ್ರ ಕೆಲಸಕ್ಕೆ ತಪ್ಪದೆ ಹಾಜರು. ನೀರಿನ ಪಾಳಿ ಕೇಳಲು ಹೋದರೆ ಫಕೀರಸಾಬ ನಿಮ್ಮ ಕುರ್ಚಿಯಲ್ಲಿ, ನಿಮ್ಮ ಮುಖ ಕಾಣುವ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸುತ್ತಿದ್ದ. ನಾವು ರುಮಾಲು ತೆಗೆದು ಮೊಬೈಲಿಗೆ ಕೈಮುಗಿಯುತ್ತಿದ್ದೆವು. ನನ್ನಜ್ಜಿ ಹೇಳುತ್ತಿದ್ದ ಕತೆಯಲ್ಲಿ ಒಬ್ಬ ರಾಕ್ಷಸನಿದ್ದ. ಅವನ ಮೈ ಒಂದು ಕಡೆ, ಜೀವ ಏಳು ಸಮುದ್ರದಾಚೆಯ ಗಿಳಿಯ ಕೊರಳಲ್ಲಿ. ನಿಮ್ಮ ಕಚೇರಿಯೂ ಹಾಗೇ ಎಂದು ನಾವೆಲ್ಲ ನಗುತ್ತಿದ್ದೆವು. ಈಗ ಯೋಚಿಸಿದರೆ ಆ ರಾಕ್ಷಸನೇ ವಾಸಿ, ಊಟಕ್ಕಾದರೂ ಊರಿಗೆ ಬರುತ್ತಿದ್ದ.

ಮನೆಯಲ್ಲಿ ಕುಳಿತು ಮಾಡುವ ಕೆಲಸಗಳಿವೆ, ನಾನು ಒಪ್ಪುತ್ತೇನೆ. ಬರೆಯುವುದಿದ್ದರೆ ಎಲ್ಲಿ ಕುಳಿತು ಬರೆದರೇನು? ಆದರೆ ಕಾಲುವೆಯ ಒಡ್ಡು ಜಿನುಗುವುದನ್ನು ಕಾಲು ಒದ್ದೆ ಮಾಡಿಕೊಂಡವನೇ ತಿಳಿಯಬೇಕು. ಒಡ್ಡು ಸೋರುತ್ತಿದೆ ಎಂದು ನಿಮ್ಮ ಮೊಬೈಲಿನ ಮುಂದೆ ನಿಂತು ಹೇಳಿದೆವು. ಫೋಟೋ ಕಳಿಸಿ ಎಂದಿರಿ. ಕಳಿಸಿದೆವು. ಫೋಟೋದಲ್ಲಿ ಒಡ್ಡು ಗಟ್ಟಿಯಾಗಿಯೇ ಕಾಣುತ್ತದಲ್ಲ ಎಂದಿರಿ. ಫೋಟೋದಲ್ಲಿ ಗಟ್ಟಿಯಿದ್ದ ಒಡ್ಡು ಆ ವಾರವೇ ಒಡೆದು ಕೆಳಗೇರಿಗೆ ನೀರು ನುಗ್ಗಿತು. ಮರಿಲಿಂಗಮ್ಮನ ಮಣ್ಣಿನ ಗೋಡೆ ಕುಸಿಯಿತು. ಅವಳ ಮಗಳು ರೇಣಮ್ಮ ಹಡೆದು ಇನ್ನೂ ಪುರುಡು ಕಳೆದಿರಲಿಲ್ಲ. ಶಾಲೆಯಲ್ಲೂ ಮೊಣಕಾಲು ಮಟ್ಟ ನೀರು. ಒಣ ಜಾಗವೆಂದರೆ ನಿಮ್ಮ ಕಚೇರಿ ಒಂದೇ.

ತಾಯಿ, ಮಗಳು, ಕೂಸು ಕಚೇರಿಯ ಪಡಸಾಲೆಯಲ್ಲಿ ಮುದುಡಿ ಕುಳಿತದ್ದನ್ನು ಕಂಡ ಫಕೀರಸಾಬ ಬೀಗದ ಕೈ ತಂದ. ನಿಮ್ಮ ಕೋಣೆ ತೆರೆದ.

“ಸಾಹೇಬರ ಖೋಲಿಗೆ ಕಿಡಕಿ ಭದ್ರ ಅದಾವಬೇ, ಗಾಳಿ ಬರಂಗಿಲ್ಲ. ಬಾಣಂತಿನ ಒಳಗ ಮಲಗಸು. ಯಾರರೆ ಕೇಳಿದ್ರ ನಾ ಅದೀನಿ,” ಎಂದ.

ಎರಡು ಮೇಜು ಕೂಡಿಸಿ ಮಂಚ ಮಾಡಿದರು. ಕೆಳಗೆ ಬೋಗುಣಿಯಲ್ಲಿ ಕೆಂಡ, ಮೇಲೆ ಲೋಬಾನ. ನಿಮ್ಮ ಫ್ಯಾನು ನಿಮ್ಮ ಜೊತೆಗೇ ಮನೆಗೆ ಹೋಗಿದ್ದರಿಂದ ಅದರ ಕೊಂಡಿ ಖಾಲಿಯಿತ್ತು. ಅದಕ್ಕೆ ಹಳೆ ಸೀರೆಯ ತೊಟ್ಟಿಲು ಕಟ್ಟಿದರು. ಕಚೇರಿ ಕಟ್ಟಿದ ಮೇಲೆ ಮೊದಲ ಸಲ ಆ ಕೋಣೆ ಯಾರಿಗೋ ಉಪಯೋಗಕ್ಕೆ ಬಂತು.

ಸೋಮವಾರ ನಿಮ್ಮ ಮೀಟಿಂಗು. ಫಕೀರಸಾಬ ಎಂದಿನಂತೆ ಕುರ್ಚಿಯಲ್ಲಿ ಮೊಬೈಲು ನಿಲ್ಲಿಸಿದ. ನಾನೂ ಅಲ್ಲೇ ಇದ್ದೆ. ಕೂಸು ಅತ್ತಿತು. ಒಡ್ಡು ಒಡೆದಾಗ ಏಳದ ನೀವು ಆ ಸದ್ದಿಗೆ ಎದ್ದು ಕುಳಿತಿರಿ. ಅದು ಯಾರ ಕೂಸು, ನನ್ನ ಕೋಣೆಯಲ್ಲಿ ಯಾಕೆ ಮಲಗಿದೆ ಎಂದು ಕೇಳಿದಿರಿ. ಆಗ ಮರಿಲಿಂಗಮ್ಮ ಸೆರಗು ಸರಿಮಾಡಿಕೊಂಡು ಮೊಬೈಲಿನ ಮುಂದೆ ಬಂದು ಹೇಳಿದ್ದು ನಿಮಗೆ ನೆನಪಿರಬೇಕು:

“ಯಪ್ಪಾ, ನೀವು ಎಲ್ಲಿ ಕುಂತೀರಂತ ನಾವು ಎರಡು ವರ್ಷ ಕೇಳಿಲ್ಲ. ನಮ್ಮ ಕೂಸು ಎಲ್ಲಿ ಮಲಗ್ಯಾದಂತ ನೀವ್ಯಾಕ ಕೇಳಾಕತ್ತೀರಿ?”

ಉತ್ತರವಾಗಿ ಅಮಾನತಿನ ಆದೇಶ ಬಂತು. ಕಚೇರಿಯಲ್ಲಿ ಬೆಂಕಿ ಹಾಕಿ ಸರ್ಕಾರಿ ಆಸ್ತಿಗೆ ಅಪಾಯ ತಂದನಂತೆ. ಒಂದು ಬೋಗುಣಿ ಕೆಂಡ ಅಪಾಯ, ಒಂದು ಕಾಲುವೆ ನೀರು ಅಪಾಯವಲ್ಲ! ಬಾಣಂತಿ ನರಳುವಾಗ ಕುರ್ಚಿಗೆ ಬಾಗಿಲು ಭದ್ರ ಮಾಡುವ ಈ ಬುದ್ಧಿಗೆ ಏನು ಹೆಸರಿಡಬೇಕು? ನಾಲ್ಕೂರು ತಿರುಗಿ ಕತೆ ಹೇಳುವವನು ನಾನು. ಇಷ್ಟು ಹೊಲಸಾದದ್ದನ್ನು ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಈಗ ರೇಣಮ್ಮನಿಗೆ ಜ್ವರ. ಗಾಳಿ ಹೊಡೆಯದ ಜಾಗವೆಂದು ನಿಮ್ಮ ಬಾಗಿಲಿಗೇ ಅಂಟಿಕೊಂಡು ಪಡಸಾಲೆಯಲ್ಲಿ ಮಲಗಿದ್ದಾಳೆ. ಒಳಗೆ ಕುರ್ಚಿ ಬೆಚ್ಚಗಿದೆ.

ಫಕೀರಸಾಬನ ಅಮಾನತು ರದ್ದಾಗಬೇಕು. ಮರಿಲಿಂಗಮ್ಮನ ಗೋಡೆ ಎದ್ದು ನಿಲ್ಲುವವರೆಗೆ ಆ ಕೋಣೆ ಅವರಿಗಿರಬೇಕು. ಬಂದು ನೋಡದೆ ಕೊಡಲಾಗದು ಎನ್ನುವುದಾದರೆ ಬನ್ನಿ, ಅದನ್ನೇ ನಾವು ಎರಡು ವರ್ಷದಿಂದ ಬೇಡುತ್ತಿದ್ದೇವೆ. ಆದರೆ ಒಂದು ಮಾತು ತಿಳಿದಿರಲಿ. ಕೂಸನ್ನು ಮಲಗಿಸಿರುವುದು ನಿಮ್ಮ ಹೊಸ್ತಿಲಿಗೆ ಅಡ್ಡ. ಮಲಗಿದ ಕೂಸನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ, ದಾಟಿದರೆ ಅದು ಬೆಳೆಯುವುದಿಲ್ಲ ಎನ್ನುತ್ತಾರೆ. ಬೀಗ ತೆಗೆದ ಮೇಲೆ ಮೊದಲು ಅದನ್ನೆತ್ತಿ ಒಳಗೆ ಮಲಗಿಸಿ. ಆಮೇಲೆ ನಿಮ್ಮ ಕುರ್ಚಿಗೆ ಹೋಗಿ.

ಇಂತಿ,
ನಿಮ್ಮ ಮೊಬೈಲಿಗೆ ರುಮಾಲು ತೆಗೆದು ಕೈಮುಗಿದ ಪೆದ್ದರಲ್ಲೊಬ್ಬ,
ದ್ಯಾವಪ್ಪ
ಕಾಲುವೆಯ ಕೊನೆಯ ಊರು, ಶಹಾಪುರ ತಾಲ್ಲೂಕು