ಅಣ್ಣನ ಮುಖಕ್ಕೆ ಕಡಿತ ಹಾಕಿದ ವ್ಯವಸ್ಥಾಪಕರಿಗೆ

ವಿಮಾ ಕಂಪನಿಯ ಉತ್ತರ ನ್ಯೂ ಮೆಕ್ಸಿಕೊ ವಿಭಾಗದ ಮಾನ್ಯ ವ್ಯವಸ್ಥಾಪಕರೇ,

ನನ್ನ ಅರವತ್ನಾಲ್ಕನೇ ಇಸವಿಯ ಇಂಪಾಲಾ ಕಾರನ್ನು ತಾವು ಗುಜರಿ ಎಂದು ತೀರ್ಮಾನಿಸಿದ್ದೀರಿ. ಅದಕ್ಕೊಂದು ಹಳೇ ಡಬ್ಬದ ಬೆಲೆ ಕಟ್ಟಿ, ಬರುವ ಗುರುವಾರ ಎಳೆದೊಯ್ಯಲು ಲಾರಿ ಕಳಿಸುತ್ತೇವೆ ಎಂದೂ ಅಪ್ಪಣೆ ಕೊಡಿಸಿದ್ದೀರಿ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತದೆಯೇ ಹೊರತು ಮನುಷ್ಯರ ದನಿ ಕೇಳಿಸುವುದಿಲ್ಲ. ಆದ್ದರಿಂದ ಊರೆಲ್ಲ ಓದುವ ಈ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ. ವಿಮೆ ಮಾಡಿಸಲು ಬಂದ ದಿನ ನಿಮ್ಮ ಗುಮಾಸ್ತರು ಕಾರನ್ನು ಸುತ್ತು ಹಾಕಿ ನೋಡಿ ಏನೆಂದರು? "ಕಾರನ್ನ ಏಳ್ಸಿ ಇಳ್ಸೋ ಹೈಡ್ರಾಲಿಕ್ ಹಾಕ್ಸಿದೀರಾ, ಬಣ್ಣ ವಿಶೇಷದ್ದು, ಇದು ಮಾಮೂಲಿ ಕಾರಲ್ಲಮ್ಮ, ಕಂತು ಜಾಸ್ತಿ ಬೀಳತ್ತೆ." ಬಿದ್ದಿತು. ವರ್ಷವರ್ಷವೂ ತಪ್ಪದೆ ಕಟ್ಟಿದೆ. ಈಗ ನೀವು ಕೊಡುವ ಸರದಿ ಬಂತು ನೋಡಿ, ಅದೇ ಕಾರು ರಾತ್ರೋರಾತ್ರಿ ಮಾಮೂಲಿ ಕಾರಾಗಿಬಿಟ್ಟಿತು. ವಸೂಲಿಗೆ ಒಂದು ಕಣ್ಣು, ಪರಿಹಾರಕ್ಕೆ ಇನ್ನೊಂದು ಕಣ್ಣು ಎಂದು ನಿಮ್ಮಲ್ಲಿ ತರಬೇತಿ ಕೊಡುತ್ತಾರೆಯೇ?

ಆದದ್ದು ಇಷ್ಟು. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಹಳೇ ಕಾರುಗಳ ಕ್ಲಬ್ಬಿನ ಸಾಲಿನಲ್ಲಿ ನಡೆಯುವ ವೇಗಕ್ಕೆ ಹೋಗುತ್ತಿದ್ದೆ. ಫೋನ್ ನೋಡುತ್ತಾ ಬಂದ ಪಿಕಪ್‌ನವನೊಬ್ಬ ಮೂತಿಗೇ ಗುದ್ದಿದ. ಅವನಿಗೆ ವಿಮೆಯೇ ಇರಲಿಲ್ಲ. ನಮಗೇನು, ನೀವಿದ್ದೀರಲ್ಲ ಎಂದುಕೊಂಡೆ. ಎಂಥ ಮಂಕು ನೋಡಿ!

ನೀವು ಕಳಿಸಿದ ಸರ್ವೇಯರ್ ಅಲ್ಬುಕರ್ಕಿಯಿಂದ ಬಂದ ಸಭ್ಯಸ್ಥ. ಕಾರು ಅಂಗಳದಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಕೂತಿತ್ತು. ನಿಲ್ಲಿಸಿದ ಮೇಲೆ ಪೂರ್ತಿ ಇಳಿಸುವುದು ನಮ್ಮ ಪದ್ಧತಿ, ಎತ್ತರಿಸಿ ನಿಲ್ಲಿಸಿದರೆ ನಮ್ಮೂರು ಎಸ್ಪಾನ್ಯೋಲಾದಲ್ಲಿ ಮಕ್ಕಳೂ ನಗುತ್ತಾರೆ. ಆತ ಬಗ್ಗಿ ನೋಡಿ, "ಸಸ್ಪೆನ್ಷನ್ ಮೊದಲೇ ಕುಸಿದುಬಿದ್ದಿದೆ" ಎಂದು ಬರೆದುಕೊಂಡ.

"ಅದು ಬಿದ್ದಿಲ್ಲಪ್ಪ, ಕೂತಿದೆ" ಎಂದರು ಅಮ್ಮ, ಬಾಗಿಲಿನಿಂದಲೇ.

"ಎರಡೂ ಒಂದೇ ಅಲ್ವೇನಮ್ಮಾ?"

"ನಿಂಗೆ ಒಂದೇ ಆದ್ರೆ ಕುರ್ಚಿ ಕೊಡಲ್ಲ, ನೆಲದ ಮೇಲೆ ಬೀಳು."

ನಾನು ಗುಂಡಿ ಒತ್ತಿದೆ. ಮೂತಿ ಜಜ್ಜಿಹೋಗಿದ್ದರೂ ಕಾರು ಎದ್ದು ನಿಂತಿತು. ಸರ್ವೇಯರ್ ಹೌಹಾರಿ ನಾಯಿಯ ನೀರಿನ ತಟ್ಟೆಗೆ ಕಾಲಿಟ್ಟ. "ಚೆನ್ನಾಗಿದೆ ಮೇಡಂ, ಆದ್ರೆ ಇದನ್ನ ತೋರ್ಸೋಕೆ ಕಾಲಂ ಇಲ್ಲ" ಎಂದ. ಕುಸಿದಿದೆ ಎಂಬುದಕ್ಕೆ ಮಾತ್ರ ಕಾಲಂ ಇತ್ತು.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಕಾರಿನ ಹಿಂಬದಿ, ಡಿಕ್ಕಿಯ ಮುಚ್ಚಳದ ಮೇಲೆ ನನ್ನ ಅಣ್ಣ ಎಲೀಸೆಯೊನ ಮುಖವಿದೆ. ಯಾರದೋ ಕೋಳಿಗೂಡಾಗಿದ್ದ ಕಾರನ್ನು ತಂದು ತೊಳೆದು ಓಡುವಂತೆ ಮಾಡಿದವನು ಅವನು. ಅವನು ಸತ್ತ ವರ್ಷ ಚಿತ್ರಗಾರ ಒನೆಸಿಮೊ ದುಡ್ಡು ಮುಟ್ಟದೆ ಚಳಿಗಾಲವಿಡೀ ಕೂತು ಅದನ್ನು ಬಿಡಿಸಿದ. ನಮ್ಮ ಕಾರುಗಳ ಮೇಲೆ ಸಂತರ ಮುಖ ಬರೆಸುತ್ತೇವೆ, ಇಲ್ಲವೇ ತೀರಿಕೊಂಡವರ ಮುಖ. ಬೇರೆ ಯಾರಿಗೂ ಅಲ್ಲಿ ಜಾಗವಿಲ್ಲ. ಆ ಮುಚ್ಚಳಕ್ಕೆ ಒಂದು ಗೀರೂ ಬಿದ್ದಿಲ್ಲ. ಆದರೆ ನಿಮ್ಮ ವರದಿ ಹೇಳುತ್ತದೆ: "ಮೂಲ ಬಣ್ಣ ಹಾಳಾಗಿದೆ, ವ್ಯಕ್ತಿಯ ಚಿತ್ರವಿದೆ, ಮೌಲ್ಯದಲ್ಲಿ ಕಡಿತ."

ಓದಿ ಹೇಳಿದಾಗ ಅಮ್ಮ ಅಂಗಳಕ್ಕೆ ಹೋಗಿ ಮುಚ್ಚಳದ ಧೂಳು ಒರೆಸಿದರು. ಆಮೇಲೆ, "ಬದುಕಿದ್ದಾಗ ಕಾರು ತೀರಾ ಇಳ್ಸಿ ಓಡಿಸ್ತಾನೆ ಅಂತ ಪೊಲೀಸ್ರು ದಂಡ ಹಾಕ್ತಿದ್ರು, ಸತ್ಮೇಲೆ ಇವ್ರು ಶುರು ಮಾಡಿದ್ರಾ?" ಎಂದರು. ಮುಚ್ಚಳವನ್ನಾದರೂ ಬಿಚ್ಚಿಕೊಳ್ಳುತ್ತೇನೆ ಎಂದು ನಿಮ್ಮ ಕಚೇರಿಗೆ ಬರೆದು ಕೇಳಿದೆ. "ಬಿಡಿಭಾಗ ತೆಗೆದರೆ ಇನ್ನಷ್ಟು ಕಡಿತ" ಎಂದು ಉತ್ತರ ಬಂತು. ಅಂದರೆ ಇದ್ದರೂ ಕಡಿತ, ತೆಗೆದರೂ ಕಡಿತ. ಗುರುವಾರ ನಿಮ್ಮ ಲಾರಿ ಒಯ್ಯುವುದು ನನ್ನ ಅಣ್ಣನನ್ನು. ಅವನನ್ನು ಯಂತ್ರಕ್ಕೆ ಕೊಟ್ಟು ಜಜ್ಜಿಸುತ್ತೀರಿ. ನನಗೆ ಹೊಟ್ಟೆ ಉರಿಯುತ್ತಿದೆ ಸ್ವಾಮಿ, ಅದನ್ನು ಮುಚ್ಚಿಟ್ಟುಕೊಳ್ಳುವ ಇಚ್ಛೆಯೂ ನನಗಿಲ್ಲ.

ಆದ್ದರಿಂದ ಬುಧವಾರ ಸಂಜೆಯೊಳಗೆ ಲಾರಿ ರದ್ದಾಗಬೇಕು. ಯಾವ ಬೆಲೆಯ ಕಾರೆಂದು ಕಂತು ಎಣಿಸಿಕೊಂಡಿರೋ ಅದೇ ಬೆಲೆಯ ಲೆಕ್ಕದಲ್ಲಿ ರಿಪೇರಿ ಖರ್ಚು ಕೊಡಬೇಕು. ಅಣ್ಣನ ಮುಖಕ್ಕೆ ಹಾಕಿದ ಕಡಿತವನ್ನು ಹೊಡೆದುಹಾಕಿ, ಅಮ್ಮನ ಹೆಸರಿಗೆ ಕ್ಷಮೆ ಕೋರಿ ಬರೆಯಬೇಕು.

ಇಲ್ಲದಿದ್ದರೂ ಚಿಂತೆಯಿಲ್ಲ. ಹೆದ್ದಾರಿಯ ಜಾಹೀರಾತು ಫಲಕದಲ್ಲಿ ತಾವು ಹಲ್ಲು ಕಿರಿಯುತ್ತಾ ನಿಂತಿದ್ದೀರಲ್ಲ, ಒನೆಸಿಮೊ ಅದನ್ನು ನೋಡಿ ಬಂದಿದ್ದಾನೆ. ತನ್ನ ಸ್ವಂತ ಕಾರಿನ ಬಾನೆಟ್ ಖಾಲಿ ಇಟ್ಟುಕೊಂಡಿದ್ದಾನೆ. "ಮೂಗು ಸ್ವಲ್ಪ ಕಷ್ಟ ಕೊಡತ್ತೆ, ಮಿಕ್ಕಿದ್ದು ಸುಲಭ" ಎನ್ನುತ್ತಾನೆ. ಮುಖದ ಕೆಳಗೆ ಗುಲಾಬಿ, ಮೇಲೆ ಮೋಡ, ಎರಡು ಪಾರಿವಾಳ, ಎಲ್ಲ ಧರ್ಮಾರ್ಥ. ಪ್ರತಿ ಭಾನುವಾರ ನಿಮ್ಮ ಬೀದಿಯಲ್ಲೇ ಮೆಲ್ಲಗೆ ಬರುತ್ತೇವೆ, ಯಾವ ಕಾನೂನೂ ಮುರಿಯದೆ. ನೀವು ಸಂತರಲ್ಲ ಎಂಬುದು ಊರಿಗೇ ಗೊತ್ತು. ಹಾಗಾಗಿ ನೋಡಿದವರೆಲ್ಲ ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಹೆಂಗಸರು ಪೊಸೋಲೆ ಸಾರಿನ ಪಾತ್ರೆ ಹಿಡಿದು ನಿಮ್ಮ ಹೆಂಡತಿಯನ್ನು ಸಂತೈಸಲು ಬರುತ್ತಾರೆ. ಆಗ ಬಾಗಿಲಿಗೆ ಬಂದು, ನಾನಿನ್ನೂ ಬದುಕಿದ್ದೇನೆ ಎಂದು ಒಬ್ಬೊಬ್ಬರಿಗೂ ನೀವೇ ಹೇಳಿಕೊಳ್ಳಿ.

ಇಂತಿ,
ಅಣ್ಣನನ್ನು ಒಮ್ಮೆ ಮಣ್ಣು ಮಾಡಿರುವ, ಇನ್ನೊಮ್ಮೆ ಮಾಡಲೊಲ್ಲದ,
ಡೆಲ್ಫಿನಾ ಕ್ವಿಂಟಾನಾ
ಎಸ್ಪಾನ್ಯೋಲಾ